ಸರಕು ಸಾಗಣೆಯ ಹೊರಗುತ್ತಿಗೆ ಮತ್ತು ಹಿಮ್ಮುಖ ಸಾಗಣೆ: ಕುದುರೆಮುಖ ಸೀಮೆಯ ನಿದರ್ಶನ

ಸರಕೊಂದು ಉತ್ಪಾದಕನ ಅಂಗಳ ಬಿಟ್ಟು ಬಳಕೆದಾರನ ಮನೆ ಸೇರುವವರೆಗೆ ಸಾಗಣೆ, ದಾಸ್ತಾನು, ವಿಂಗಡಣೆ, ಚೀಲ ತುಂಬುವಿಕೆ ಮೊದಲಾದ ಹಲವು ಕೆಲಸಗಳು ನಡೆಯಬೇಕಾಗುತ್ತದೆ. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಸಂಸ್ಥೆಯೊಂದು ಶುಲ್ಕ ಪಡೆದು ಈ ಕೆಲಸಗಳನ್ನು ನಿರ್ವಹಿಸುವುದನ್ನು ವಾಣಿಜ್ಯ ವಲಯದಲ್ಲಿ 'ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್' ಎನ್ನುತ್ತಾರೆ. ಸರಕಿನ ಒಡೆತನ ಇಂತಹ ಸಂಸ್ಥೆಗೆ ಎಂದೂ ಸೇರುವುದಿಲ್ಲ. ಅದರ ಪಾಲಿಗಿರುವುದು ಸ್ವಾಧೀನ ಮತ್ತು ಹೊಣೆ ಮಾತ್ರ. ಬಳಕೆದಾರನ ಕಡೆಯಿಂದ ಹಿಂದಕ್ಕೆ ಹರಿಯುವ ವಸ್ತುಗಳ ನಿರ್ವಹಣೆ, ಅಂದರೆ ತಿರಸ್ಕೃತ ಮಾಲು, ಖಾಲಿ ಚೀಲ, ಡಬ್ಬಿ, ತ್ಯಾಜ್ಯ ಇತ್ಯಾದಿಗಳನ್ನು ಮರಳಿ ತರುವ ವ್ಯವಸ್ಥೆಯೇ 'ರಿವರ್ಸ್ ಲಾಜಿಸ್ಟಿಕ್ಸ್', ಅರ್ಥಾತ್ ಹಿಮ್ಮುಖ ಸಾಗಣೆ.

ಅಂತರ್ಜಾಲದಲ್ಲಿ ಅಂಗಿ ತರಿಸಿ, ಅಳತೆ ಹೊಂದದೆ ಹಿಂದಿರುಗಿಸಿದ ನಗರವಾಸಿಗಳಿಗೆ ಇವೆರಡೂ ಪರಿಚಿತವೇ. ಆದರೆ ಇವು ಆನ್‌ಲೈನ್ ವ್ಯಾಪಾರದೊಡನೆ ಹುಟ್ಟಿದವೆಂದು ಭಾವಿಸುವುದು ಸರಿಯಲ್ಲ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ತಲೆಮಾರುಗಳಿಂದ ಇದೇ ವ್ಯವಸ್ಥೆಯೊಳಗೆ ಬದುಕಿದ್ದಾರೆ.

ತೋಟದ ಕಣದಲ್ಲಿ ಒಣಗಿದ ಕಾಫಿ ನೇರವಾಗಿ ಹಡಗು ಏರುವಂತಿಲ್ಲ. ಹಣ್ಣನ್ನು ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ಇಡಿಯಾಗಿ ಒಣಗಿಸಿದರೆ ಚೆರ್ರಿ. ಎರಡಕ್ಕೂ ಸಿಪ್ಪೆ ಬಿಡಿಸಿ, ಗಾತ್ರ ಮತ್ತು ಬಣ್ಣಕ್ಕನುಗುಣವಾಗಿ ವಿಂಗಡಿಸಿ, ಕಪ್ಪು ಬೀಜ ತೆಗೆದು ಚೀಲ ತುಂಬಬೇಕು. ಈ ಕೆಲಸ ನಡೆಯುವ ಸ್ಥಳವೇ ಕ್ಯೂರಿಂಗ್ ವರ್ಕ್ಸ್. ಬೆಳೆಗಾರನ ಕಾಫಿಯನ್ನು ತೂಗಿ ರಶೀದಿ ಕೊಟ್ಟು, ಗೋದಾಮಿನಲ್ಲಿರಿಸಿ, ಹದಗೊಳಿಸಿ, ಆತ ಹೇಳಿದವರಿಗೆ ಒಪ್ಪಿಸುವ ಈ ಸಂಸ್ಥೆಗಳು ಹೆಸರಿಲ್ಲದ ಕಾಲದ 'ತ್ರೀ ಪಿಎಲ್'ಗಳೆಂದರೆ ತಪ್ಪಾಗಲಾರದು.

1942ರ ಕಾಫಿ ಕಾಯಿದೆಯ ಅಡಿ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹ, ಅಂದರೆ 'ಪೂಲ್' ಪದ್ಧತಿ ಜಾರಿಯಲ್ಲಿದ್ದಾಗ ಕ್ಯೂರಿಂಗ್ ವರ್ಕ್ಸ್‌ಗಳು ಮಂಡಳಿಯ ಏಜೆಂಟರಾಗಿದ್ದವು. ಬೆಳೆಗಾರ ಫಸಲನ್ನು ಪೂಲ್‌ಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದ. 1992ರಲ್ಲಿ ಆರಂಭವಾದ ಸಡಿಲಿಕೆ 1996ರ ವೇಳೆಗೆ ಪೂರ್ಣ ಮುಕ್ತ ಮಾರಾಟದಲ್ಲಿ ಕೊನೆಗೊಂಡಿತು. ಅಂದಿನಿಂದ ಸಾಗಣೆ, ದಾಸ್ತಾನು, ಮಾರಾಟದ ಸಮಯ ಎಲ್ಲವನ್ನೂ ಬೆಳೆಗಾರನೇ ನಿರ್ಧರಿಸಬೇಕಾಯಿತು. ಸ್ವಾತಂತ್ರ್ಯದೊಡನೆ ಅಪಾಯವೂ ಆತನ ಹೆಗಲಿಗೆ ಬಂದಿತೆನ್ನಬೇಕು.

ಈ ಅಪಾಯ ಎಷ್ಟೆಂಬುದನ್ನು 'ಔಟ್‌ಟರ್ನ್' ಎಂಬ ಒಂದು ಅಂಕಿ ಹೇಳುತ್ತದೆ. 50 ಕಿಲೊ ರೊಬಸ್ಟಾ ಚೆರ್ರಿಯ ಚೀಲದಿಂದ ಸಾಮಾನ್ಯವಾಗಿ 26ರಿಂದ 28 ಕಿಲೊ ಶುದ್ಧ ಬೀಜ ದೊರೆಯುತ್ತದೆ. ದರ ನಿಗದಿಯಾಗುವುದು ಇದರ ಮೇಲೆಯೇ. ನೂರು ಚೀಲ ಕಳಿಸಿದವನಿಗೆ ಔಟ್‌ಟರ್ನ್‌ನಲ್ಲಿ ಒಂದು ಕಿಲೊ ವ್ಯತ್ಯಾಸವಾದರೆ ನೂರು ಕಿಲೊ ಕಾಫಿಯ ಬೆಲೆ ಏರುಪೇರಾದಂತೆ. ತೇವಾಂಶವೂ ಹಾಗೆಯೇ. ಪಾರ್ಚ್‌ಮೆಂಟ್ ಶೇ. 10ಕ್ಕೆ, ರೊಬಸ್ಟಾ ಚೆರ್ರಿ ಶೇ. 11ಕ್ಕೆ, ಅರೇಬಿಕಾ ಚೆರ್ರಿ ಶೇ. 12ಕ್ಕೆ ಒಣಗಿರಬೇಕೆಂಬುದು ನಿಯಮ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಉಂಟಾಗುವ ಆಕ್ರಾಟಾಕ್ಸಿನ್ ಎಂಬ ವಿಷಕ್ಕೆ ಐರೋಪ್ಯ ಒಕ್ಕೂಟ ಕಟ್ಟುನಿಟ್ಟಿನ ಮಿತಿ ವಿಧಿಸಿದೆ. ಬಂದರಿನಲ್ಲಿ ತಿರಸ್ಕೃತವಾದ ಮಾಲು ಹಿಂದಿರುಗುವ ವೆಚ್ಚ, ಹೋದ ವೆಚ್ಚಕ್ಕಿಂತ ಹೆಚ್ಚಾಗಬಹುದು. ಆದ್ದರಿಂದ ತೋಟದಲ್ಲಿ ಲಾರಿ ತುಂಬುವಾಗ ಮತ್ತು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಳಿಸುವಾಗ, ಎರಡು ಬಾರಿಯೂ ತೂಕ ಮತ್ತು ತೇವಾಂಶವನ್ನು ಬರೆದಿಟ್ಟುಕೊಳ್ಳುವುದು ಲೇಸು.

ಹಿಮ್ಮುಖ ಸಾಗಣೆಯ ವಿಷಯದಲ್ಲಿ ಕಾಫಿ ಸೀಮೆಯ ಅತ್ಯಂತ ಸಾಮಾನ್ಯ ವಸ್ತು ಗೋಣಿಚೀಲ. ಕಾಫಿ ಇಳಿಸಿದ ಲಾರಿಯಲ್ಲಿ ಖಾಲಿ ಚೀಲಗಳು ತೋಟಕ್ಕೆ ಮರಳುತ್ತವೆ. ನೋಡಲು ನಿರುಪದ್ರವಿ. ಆದರೆ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲೇ ಮೊದಲಿಗೆ ಪತ್ತೆಯಾದ ಕಾಯಿಕೊರಕ, ಅಂದರೆ ಬೆರ್ರಿ ಬೋರರ್ ಕೀಟ, ನಂತರದ ವರ್ಷಗಳಲ್ಲಿ ಕರ್ನಾಟಕದ ಕಾಫಿ ಜಿಲ್ಲೆಗಳಿಗೂ ಹಬ್ಬಿದಾಗ ಚೀಲದ ಬಗೆಗಿನ ಭಾವನೆ ಬದಲಾಯಿತು. ಎರಡು ಮಿಲಿಮೀಟರ್‌ಗೂ ಚಿಕ್ಕದಾದ ಈ ದುಂಬಿ ಬೀಜವನ್ನು ಕೊರೆದು ಒಳಗೇ ವಂಶ ಬೆಳೆಸುತ್ತದೆ. ಸರಿಯಾಗಿ ಒಣಗದ ಕಾಫಿಯಲ್ಲಿ ಬದುಕುಳಿಯುತ್ತದೆ. ಕೀಟವಿರುವ ಪ್ರದೇಶದ ಕಾಫಿ ತುಂಬಿದ್ದ ಚೀಲ ಮತ್ತೊಂದು ತೋಟದ ಉಗ್ರಾಣ ಸೇರಿದರೆ ಕೀಟಕ್ಕೆ ಪುಕ್ಕಟೆ ಸವಾರಿ ದೊರೆತಂತೆ. ಈ ಕಾರಣಕ್ಕೇ ಧೂಮೀಕರಣ ಮಾಡಿದ ಚೀಲಗಳನ್ನು ಮಾತ್ರ ಬಳಸಬೇಕೆಂದು ಕಾಫಿ ಮಂಡಳಿ ಶಿಫಾರಸು ಮಾಡಿದೆ. ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇರುವುದು ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ. ಚೀಲ ಯಾರದ್ದು, ಧೂಮೀಕರಣದ ಖರ್ಚು ಯಾರದ್ದು ಎಂಬ ಪ್ರಶ್ನೆ ಮಾತ್ರ ಬಾಡಿಗೆ ಮಾತಾಡುವಾಗ ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲ!

ಚೆರ್ರಿಯ ತೂಕದಲ್ಲಿ ಅರ್ಧದಷ್ಟಿರುವ ಸಿಪ್ಪೆ ಇನ್ನೊಂದು ಹಿಮ್ಮುಖ ಸರಕು. ಇದು ಉರುವಲಾಗಿ ಬಳಕೆಯಾಗುತ್ತದೆ, ಗೊಬ್ಬರವಾಗಿ ಮಣ್ಣಿಗೂ ಸೇರುತ್ತದೆ. ಹಗುರವಾದರೂ ಜಾಗ ಹೆಚ್ಚು ಬೇಡುವ ಮಾಲಾದ್ದರಿಂದ, ಇದಕ್ಕೆಂದೇ ಪ್ರತ್ಯೇಕ ಲಾರಿ ಮಾಡಿದರೆ ಗಿಟ್ಟುವುದಿಲ್ಲ.

ಇನ್ನು ಲಾರಿಯ ಹೊಣೆ. 1865ರ ಹಳೆಯ ಕಾಯಿದೆಯ ಬದಲಿಗೆ ಬಂದ 2007ರ ರಸ್ತೆ ಸಾಗಣೆ ಕಾಯಿದೆ 2011ರಿಂದ ಜಾರಿಯಲ್ಲಿದೆ. ಸರಕು ನಷ್ಟವಾದಲ್ಲಿ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ನೀಡದೆ ದಾವೆ ಹೂಡುವಂತಿಲ್ಲ. ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಒಂದು ಲೋಡ್ ಕಾಫಿಯ ಬೆಲೆಯ ಮುಂದೆ ಈ ಮೊತ್ತ ಅತ್ಯಲ್ಪ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಂತಹ ಸಂದರ್ಭದಲ್ಲಿ ಸುತ್ತುಬಳಸಿನ ದಾರಿಯ ಹೆಚ್ಚುವರಿ ವೆಚ್ಚ ಯಾರಿಗೆ ಎಂಬುದನ್ನೂ ಕರಾರಿನಲ್ಲಿ ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಇದೇ ಬೆಟ್ಟಸಾಲಿನಲ್ಲಿ ಲಾರಿಯನ್ನೇ ನೆಚ್ಚದ ಸಾಗಣೆಯೊಂದಿತ್ತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಅದಿರನ್ನು ಪುಡಿಮಾಡಿ ನೀರಿನೊಡನೆ ಬೆರೆಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿತ್ತು. ಗಣಿ, ಕೊಳವೆ, ಪೆಲೆಟ್ ಕಾರ್ಖಾನೆ ಎಲ್ಲವೂ ಒಂದೇ ಸಂಸ್ಥೆಯವು, ಮೂರನೆಯವರಿಗೆ ಜಾಗವಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಾಗ ಸರಪಳಿಯ ದಿಕ್ಕೇ ತಿರುವುಮುರುವಾಯಿತು. ಬೆಟ್ಟದಿಂದ ಕಡಲಿಗೆ ಇಳಿಯುತ್ತಿದ್ದ ಅದಿರಿನ ಬದಲು, ಛತ್ತೀಸ್‌ಗಢದ ಬೈಲಾಡಿಲಾದ ಅದಿರು ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬಂದು, ಹಡಗೇರಿ ಮಂಗಳೂರು ತಲುಪತೊಡಗಿತು. ಇಪ್ಪತ್ತೈದು ವರ್ಷಗಳ ಗಣಿಗಾರಿಕೆಯಲ್ಲಿ ಅದಿರಿನಿಂದ ಬೇರ್ಪಟ್ಟ ಹೂಳಿಗೆ ಮಾತ್ರ ಯಾವ ಮರಳುಹಾದಿಯೂ ಇರಲಿಲ್ಲ. ಅದು ಲಖ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ಹಾಗೆಯೇ ನಿಂತಿದೆ.