ಹತ್ತಿ ಗಾಡಿಯಿಂದ ಗಾಳಿ ಫ್ಯಾನಿನವರೆಗೆ

ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಫ್ಯಾನುಗಳನ್ನು ನೀವೂ ನೋಡಿರುತ್ತೀರಿ. ಕಾಲಕಾಲೇಶ್ವರಕ್ಕೆ ಹೋದವರು ಒಂದು ಫೋಟೋ ಹೊಡೆಯದೆ ಬರುವುದಿಲ್ಲ. ಹೊಗೆಯಿಲ್ಲದ ಕರೆಂಟು ಅಂತ ನಾವು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಗೂ ಹೊಗೆಗೂ ಇರುವ ನಂಟು ಹತ್ತಿಯ ಕಾಲದ್ದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ನರಗುಂದದ ಬಾಬಾಸಾಹೇಬರ ಬಂಡಾಯ ಅಡಗಿ ಆಗಿನ್ನೂ ಮೂರೇ ವರ್ಷ. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು, ಧಾರವಾಡ ಜಿಲ್ಲೆಯ ಎರಿ ಹೊಲದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಇಲ್ಲಿ ದುಡಿದದ್ದು ಎತ್ತು. ಕಲ್ಲಿದ್ದಲು ಉರಿದದ್ದು ಅಲ್ಲಿ, ಶ್ರೀಮಂತಿಕೆ ಬೆಳೆದದ್ದೂ ಅಲ್ಲಿ. 1865ಕ್ಕೆ ಯುದ್ಧ ಮುಗಿಯಿತು, ದರ ಬಿತ್ತು. ಹತ್ತು ವರ್ಷ ಕಳೆದು 1876–78ರ ಬರ ಬಂದಾಗ ಮಂದಿ ಹಸಿದು ಸತ್ತರು. ಗದಗದಿಂದ ಹೊಳೆಆಲೂರ ಮೇಲೆ ಹೊಟಗಿಗೆ ರೈಲು ಬಂದದ್ದು ಅದರ ನಂತರ, 1880ರ ದಶಕದಲ್ಲಿ.

ಈಗ ಅದೇ ಹಳಿಯ ದಾರಿಯಲ್ಲಿ ಕೂಡಗಿ ಇದೆ. 2400 ಮೆಗಾವ್ಯಾಟ್, ಎಲ್ಲವೂ ಕಲ್ಲಿದ್ದಲು. ಅದಕ್ಕೂ ಮೊದಲು, 1985ರಲ್ಲಿ, ರಾಯಚೂರಿನ ಶಕ್ತಿನಗರದ ಮೊದಲ ಘಟಕ ಶುರುವಾಗಿತ್ತು. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹತ್ತಿರಹತ್ತಿರ 1 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 5 ಎಚ್‌ಪಿ ಪಂಪ್‌ಸೆಟ್ ಒಂದು ತಾಸು ಓಡಿದರೆ ಸುಮಾರು 4 ಯೂನಿಟ್. ಲೆಕ್ಕ ನೀವೇ ಹಾಕಿ.

ಹಾಗಂತ ತಪ್ಪು ಬೋರ್‌ವೆಲ್ ರೈತನದ್ದೇ ಅನ್ನಲು ನಾವು ತಯಾರಿಲ್ಲ. ವರ್ಷಕ್ಕೆ ಭಾರತದ ಒಬ್ಬರ ಪಾಲಿಗೆ ಸುಮಾರು 2 ಟನ್ ಬಿದ್ದರೆ ಅಮೆರಿಕದವರ ಪಾಲಿಗೆ 14 ಟನ್ ಆಸುಪಾಸು. ಮಳೆ ಕೈಕೊಟ್ಟರೆ ಮೊದಲು ಸೋಲುವುದು ಮಾತ್ರ ನಮ್ಮ ಒಣಬೇಸಾಯ.

ಫ್ಯಾನು ಬಂದವು, ಕಲ್ಲಿದ್ದಲು ಯಾಕೆ ನಿಲ್ಲಲಿಲ್ಲ? ನಮ್ಮ ಗಾಳಿ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪಂಪು, ಕೂಲರು ಹೆಚ್ಚು ಓಡುವುದು ಬೇಸಿಗೆಯಲ್ಲಿ. ಬೇಡಿಕೆಯಂತೂ ವರ್ಷವರ್ಷ ಏರುತ್ತಿದೆ, ಗಾಳಿಯ ಕರೆಂಟು ಆ ಏರಿಕೆಯಲ್ಲೇ ಕರಗುತ್ತದೆ.

ಅಂದು ನಮ್ಮ ಹತ್ತಿಯ ದರ ಕಟ್ಟಿದವರು ದೂರದವರು. ಇಂದು ಗುಡ್ಡದ ಗಾಳಿಗೆ? ಫ್ಯಾನಿಗೆ ಹೊಲ ಲೀಸಿಗೆ ಕೊಟ್ಟವರು ನಿಮ್ಮ ಊರಲ್ಲಿದ್ದರೆ ಕರಾರುಪತ್ರ ತೆಗೆಸಿ ನೋಡಿ: ಎಷ್ಟು ವರ್ಷದ್ದು, ಬಾಡಿಗೆ ಏರುತ್ತದೋ ಇಲ್ಲವೋ, ಅದು ಕನ್ನಡದಲ್ಲಿದೆಯೋ. ನೋಡಿ ನಮಗೂ ತಿಳಿಸಿ.