ಎಕ್ಸ್‌ಮೂರ್ ತಟ್ಟುಗಳ ಚಳಿಗಾಲ

ಹಿಂದೆ ಕುದುರೆ ಕಟ್ಟಿದ ಮನೆಯೆಂದರೆ ನಮ್ಮವರ ಮನಸ್ಸಿಗೆ ಬರುತ್ತಿದ್ದುದು ಲಾಯ, ಬೇಯಿಸಿದ ಹುರಳಿ, ಮೈಯುಜ್ಜುವ ಚಾಕರ, ಚಳಿಯ ರಾತ್ರಿಗೆ ಹೊದಿಸುವ ಕಂಬಳಿ. ಇವುಗಳಲ್ಲಿ ಒಂದೂ ಇಲ್ಲದೆ, ಹಿಮ ಬೀಳುವ ನಾಡಿನ ಬೋಳುಗುಡ್ಡಗಳ ಮೇಲೆ ಗಾಳಿಗೆ ಬೆನ್ನುಕೊಟ್ಟು ನಿಂತು ಚಳಿಗಾಲವನ್ನು ಕಳೆಯುವ ತಟ್ಟುಗಳ ಕುಲವೊಂದು ಉಂಟೆಂದರೆ, ಅವುಗಳ ಒಡೆಯರ ದಯಾಗುಣದ ವಿಷಯದಲ್ಲಿಯೇ ನಮಗೆ ಸಂದೇಹ ಹುಟ್ಟೀತು. ಆದರೆ ಇಂಗ್ಲೆಂಡಿನ ಎಕ್ಸ್‌ಮೂರ್ ತಟ್ಟುಗಳ ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದಲ್ಲಿ ಆ ಸಂದೇಹವು ಬೇರೊಂದು ಪ್ರಶ್ನೆಗೆ ಎಡೆಗೊಡುತ್ತದೆ. ಪ್ರಾಣಿಯ ಪಾಲನೆಯೆಂದರೆ ಅದಕ್ಕೆ ಏನನ್ನು ಕೊಡಬೇಕೆಂಬುದೊ, ಅದರಿಂದ ಏನನ್ನು ಕಸಿದುಕೊಳ್ಳಬಾರದೆಂಬುದೊ?

ಎಕ್ಸ್‌ಮೂರ್ ಎಂಬುದು ಇಂಗ್ಲೆಂಡಿನ ನೈರುತ್ಯದಲ್ಲಿ, ಸಾಮರ್ಸೆಟ್ ಮತ್ತು ಡೆವನ್ ಸೀಮೆಗಳಲ್ಲಿ ಹಬ್ಬಿರುವ ಎತ್ತರದ ನೆಲ. ಅದರ ಅತ್ಯುನ್ನತ ಸ್ಥಾನವಾದ ಡಂಕರಿ ಬೀಕನ್ ಎಂಬ ಶಿಖರವು 1705 ಅಡಿಗಳಷ್ಟಿದೆ. ನಮ್ಮ ಬಾಬಾಬುಡನ್‌ಗಿರಿಯನ್ನು ಕಂಡವರಿಗೆ ಇದೊಂದು ದಿಣ್ಣೆಯೇ ಸರಿ. ಮೇಲ್ಭಾಗಗಳಲ್ಲಿ ವರ್ಷಕ್ಕೆ 80 ಅಂಗುಲದವರೆಗೆ ಮಳೆ ಬೀಳುವುದೆಂದರೂ ಮಲೆನಾಡಿನವರು ಹುಬ್ಬೇರಿಸಲಾರರು. ಆದರೆ ಅಲ್ಲಿಯ ಮಳೆಯ ಹೆಚ್ಚಿನ ಪಾಲು ಬೀಳುವುದು ಶರತ್ಕಾಲದಲ್ಲಿಯೂ ಚಳಿಗಾಲದಲ್ಲಿಯೂ. ಅದರೊಡನೆ ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಗಾಳಿಗೆ ಮರಗಳ ಅಡ್ಡಿಯಿಲ್ಲ. ಒಣಹಿಮಕ್ಕಿಂತಲೂ ತೊಯ್ದ ಮೈಗೆ ತಗಲುವ ಇಂಥ ಗಾಳಿಯೇ ಬಯಲಿನ ಪಶುಗಳಿಗೆ ಹೆಚ್ಚು ಅಪಾಯಕರ. ಈ ಪ್ರದೇಶಕ್ಕೆ ಶತಮಾನಗಳ ಕಾಲ ‘ರಾಜಾರಣ್ಯ’ವೆಂಬ ಹೆಸರಿದ್ದುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆ ಕಾಲದ ಆಂಗ್ಲ ವ್ಯವಹಾರದಲ್ಲಿ ಅರಣ್ಯವೆಂದರೆ ಅರಸನ ಬೇಟೆಗೆ ಮೀಸಲಾದ ನೆಲ. ಅಲ್ಲಿ ಮರಗಳು ಇರಲೇಬೇಕೆಂಬ ನಿಯಮವಿರಲಿಲ್ಲ. 1086ರಲ್ಲಿ ತಯಾರಾದ ‘ಡೂಮ್ಸ್‌ಡೇ’ ಎಂಬ ಪ್ರಸಿದ್ಧ ಲೆಕ್ಕದ ಪುಸ್ತಕದಲ್ಲಿಯೇ ಎಕ್ಸ್‌ಮೂರಿನ ತಟ್ಟುಗಳ ಉಲ್ಲೇಖವು ದೊರೆಯುತ್ತದೆ.

ನಮ್ಮ ಕಥೆ ಆರಂಭವಾಗುವುದು 1818ರಲ್ಲಿ. ಅರಸುಮನೆತನವು ಈ ಅರಣ್ಯದಲ್ಲಿ ತನ್ನ ಪಾಲಿಗೆ ಬಂದ ಸುಮಾರು 10,000 ಎಕರೆಗಳನ್ನು ಮಾರಲು ನಿಶ್ಚಯಿಸಿತು. ಅದನ್ನು 50,000 ಪೌಂಡುಗಳಿಗೆ ಕೊಂಡವನು ವೂಸ್ಟರ್‌ಷೈರಿನ ಜಾನ್ ನೈಟ್ ಎಂಬ ಶ್ರೀಮಂತ. ಕಬ್ಬಿಣದ ಉದ್ಯಮದಿಂದ ಮೇಲೆ ಬಂದ ಮನೆತನದವನಾದ ಈತನಿಗೆ, ಬರಡು ಬಿದ್ದ ನೆಲವನ್ನು ಕಂಡರೆ ಅದನ್ನು ತಿದ್ದದೆ ಇರಲಾಗುತ್ತಿರಲಿಲ್ಲ. ದಾರಿಗಳನ್ನು ಮಾಡಿಸಿದನು, ಎಲ್ಲೆಗೋಡೆಗಳನ್ನು ಕಟ್ಟಿಸಿದನು, ಉಳುಮೆಯನ್ನು ತೊಡಗಿಸಿದನು. ಅರಣ್ಯದ ಕೊನೆಯ ಅಧಿಪಾಲಕನಾಗಿದ್ದ ಸರ್ ಥಾಮಸ್ ಆಕ್ಲೆಂಡನು ಅಲ್ಲಿಂದ ಹೊರಡುವಾಗ ಸುಮಾರು 30 ತಟ್ಟುಗಳನ್ನು ಆರಿಸಿಕೊಂಡು, ಸಮೀಪದಲ್ಲಿಯೇ ತನ್ನ ಸ್ವಂತ ಭೂಮಿಯಾದ ವಿನ್ಸ್‌ಫರ್ಡ್ ಗುಡ್ಡಕ್ಕೆ ಅಟ್ಟಿಸಿಕೊಂಡು ಹೋದನು. ಲಂಗರಿನ ಮುದ್ರೆಯನ್ನೊತ್ತಿದ ಆ ಹಿಂಡಿಗೆ ‘ಆಂಕರ್’ ಹಿಂಡೆಂದು ಹೆಸರಾಯಿತು. ಮಿಕ್ಕವು ಹರಾಜಿನಲ್ಲಿ ಚೆದರಿದುವು. ಕೆಲವನ್ನು ಸುತ್ತಣ ರೈತರು ಕೊಂಡು ತಮ್ಮ ಗುಡ್ಡಗಳಲ್ಲಿ ಉಳಿಸಿಕೊಂಡರು.

ನೈಟನು ತಟ್ಟುಗಳನ್ನೂ ತಿದ್ದಲು ಹೊರಟನು. ಎಕ್ಸ್‌ಮೂರ್ ತಟ್ಟು ಭುಜದವರೆಗೆ ಸುಮಾರು ನಾಲ್ಕು ಅಡಿ ಎತ್ತರದ್ದು. ಕಂದುಬಣ್ಣ, ಮೂತಿಯ ಮೇಲೂ ಕಣ್ಣಿನ ಸುತ್ತಲೂ ಹಿಟ್ಟು ಮೆತ್ತಿದಂತಹ ತೆಳುಬಣ್ಣ. ಮೈಕಟ್ಟು ಬಲವಾದುದಾದರೂ ಗಾತ್ರ ಸಾಲದೆಂದು ಬಗೆದು, ಆತನು ನೂಬಿಯಾ ದೇಶದ ಡೊಂಗೋಲದಿಂದ ಬಂದ ಎತ್ತರದ ಗಂಡುಕುದುರೆಯ ರಕ್ತವನ್ನು ಬೆರೆಸಿದನು. ಹುಟ್ಟಿದ ಮರಿಗಳು ದೊಡ್ಡವಾಗಿಯೂ ನೋಟಕ್ಕೆ ಚೆಲುವಾಗಿಯೂ ಬೆಳೆದುವು. ಬೇಸಗೆಯಲ್ಲಿ ಅವನ್ನು ನೋಡಿದವರಿಗೆ ಪ್ರಯೋಗವು ಫಲಿಸಿತೆಂದೇ ತೋರಿರಬೇಕು. ಆದರೆ ಚಳಿಗಾಲದಲ್ಲಿ ಆ ಬೆರಕೆಯ ತಟ್ಟುಗಳು ಗುಡ್ಡದ ಮೇಲೆ ನಿಲ್ಲಲಾರದಾದುವು. ಮರುಭೂಮಿಯ ಅಂಚಿನ ನಾಡಿನಿಂದ ಬಂದ ರಕ್ತಕ್ಕೆ ಅಟ್ಲಾಂಟಿಕ್ ಮಳೆಯ ಪರಿಚಯವೆಲ್ಲಿಯದು! ಅವಕ್ಕೆ ಕೆಳಗಿನ ಹೊಲಗಳ ಆಸರೆಯೂ ಹೆಚ್ಚಿನ ಮೇವೂ ಬೇಕಾದುವು. ಆಕ್ಲೆಂಡನ ಹಿಂಡಾದರೊ ಎಂದಿನಂತೆ ಗುಡ್ಡದ ಮೇಲೆಯೇ ಇದ್ದಿತು. ನೈಟನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಕಾಲದ ಪಶುತಜ್ಞರೆಲ್ಲರೂ ಗಾತ್ರವನ್ನೇ ಗುಣವೆಂದು ಎಣಿಸುತ್ತಿದ್ದರು. ಚಳಿಯನ್ನು ತಡೆಯುವ ಶಕ್ತಿಯನ್ನು ಅಳೆಯುವ ಕೋಲು ಯಾರ ಕೈಯಲ್ಲಿಯೂ ಇರಲಿಲ್ಲ.

ಆ ಶಕ್ತಿಯು ಎಲ್ಲಿ ಅಡಗಿದೆಯೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚಳಿಗಾಲ ಬರುತ್ತಲೇ ಈ ತಟ್ಟಿನ ಮೈಯಲ್ಲಿ ಎರಡು ಪದರದ ಕೂದಲು ಬೆಳೆಯುತ್ತದೆ. ಒಳಗಿನದು ಉಣ್ಣೆಯಂತೆ ಒತ್ತಾಗಿಯೂ ಮೃದುವಾಗಿಯೂ ಇರುವುದು. ಹೊರಗಿನದು ಉದ್ದವಾಗಿ, ಒರಟಾಗಿ, ಜಿಡ್ಡಿನಿಂದ ಕೂಡಿರುವುದು. ಮಳೆಯ ನೀರು ಹೊರಪದರದ ಮೇಲೆಯೇ ಹರಿದು ತೊಟ್ಟಿಕ್ಕುತ್ತದಲ್ಲದೆ ಚರ್ಮಕ್ಕೆ ಮುಟ್ಟುವುದಿಲ್ಲ. ನಮ್ಮ ಹುಲ್ಲಿನ ಮಾಡಿನಿಂದ ಇಳಿಯುವ ನೀರಿಗೆ ಇದನ್ನು ಹೋಲಿಸಬಹುದು. ಹಿಮ ಬಿದ್ದರೆ ಬೆನ್ನಿನ ಮೇಲೆ ಕರಗದೆ ಹಾಗೆಯೇ ನಿಲ್ಲುತ್ತದೆ. ಇದನ್ನು ಕಂಡು ದೂರದಿಂದ ಬಂದವರು ಮರುಗುವುದುಂಟು. ಆದರೆ ಒಳಗಿನ ಬಿಸಿಯು ಹೊರಗೆ ಸೋರುತ್ತಿಲ್ಲವೆಂಬುದಕ್ಕೆ ಆ ಹಿಮವೇ ಸಾಕ್ಷಿ. ಬಾಲದ ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಗಿಡ್ಡ ಕೂದಲು ನೀರನ್ನೂ ಹಿಮವನ್ನೂ ಪಕ್ಕಕ್ಕೆ ಸಾಗಿಸುತ್ತದೆ. ಕಣ್ಣಿನ ಸುತ್ತಲಿನ ದಪ್ಪ ಅಂಚು ಗಾಳಿಮಳೆಗಳಿಗೆ ತಡೆಯಾಗುತ್ತದೆ. ಇನ್ನು ಹೊಟ್ಟೆಯ ವಿಷಯ: ಕುದುರೆಯು ತಿಂದ ಒರಟು ಹುಲ್ಲು ದೊಡ್ಡಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ನಿಧಾನವಾಗಿ ಕೊಳೆಯಿಸಲ್ಪಡುವಾಗ ಶಾಖವು ಹುಟ್ಟುತ್ತದೆ. ಹೀಗಾಗಿ ಒಣಹುಲ್ಲು ಅದಕ್ಕೆ ಊಟವೂ ಹೌದು, ಒಲೆಯೂ ಹೌದು. ಧಾನ್ಯವು ಬಲವನ್ನು ಕೊಟ್ಟರೂ ಈ ಒಲೆಯನ್ನು ಇಷ್ಟು ಹೊತ್ತು ಉರಿಸಲಾರದು.

ಇಂತಹ ಪ್ರಾಣಿಯನ್ನು ಮೈಯುಜ್ಜಿ ಶುದ್ಧಿಮಾಡಿದರೆ ಆಗುವುದೇನು? ಜಿಡ್ಡು ಹೋಗುತ್ತದೆ, ನೀರು ಒಳಗಿಳಿಯುತ್ತದೆ. ಕಂಬಳಿ ಹೊದಿಸಿದರೆ ನಿಮಿರಿ ಗಾಳಿಯನ್ನು ಹಿಡಿದಿಡಬೇಕಾದ ಕೂದಲು ಚಪ್ಪಟೆಯಾಗುತ್ತದೆ. ಚಳಿಗಾಲದಲ್ಲಿ ಹೊಟ್ಟೆಬಿರಿಯೆ ತಿನ್ನಿಸಿದರೆ, ಬೇಸಗೆಯ ಕೊಬ್ಬನ್ನು ಕರಗಿಸಿಕೊಳ್ಳದೆಯೇ ವಸಂತದ ಎಳೆಹುಲ್ಲಿಗೆ ಬಾಯಿಹಾಕಿ, ಲ್ಯಾಮಿನೈಟಿಸ್ ಎಂಬ ಗೊರಸಿನ ಉರಿಯೂತಕ್ಕೆ ತುತ್ತಾಗುವ ಭಯವುಂಟು. ಶರತ್ಕಾಲದಲ್ಲಿ ದುಂಡಗಾಗಿ ವಸಂತದ ಹೊತ್ತಿಗೆ ತುಸು ಇಳಿಯುವುದು ಈ ಕುಲದ ವಾರ್ಷಿಕ ಕ್ರಮ.

ಹಾಗಾದರೆ ಒಡೆಯನಿಗೆ ಕೆಲಸವಿಲ್ಲವೆಂದು ತಿಳಿಯಬಾರದು. ಈ ತಟ್ಟುಗಳು ಅರೆಗಾಡು ಪ್ರಾಣಿಗಳು. ಗುಡ್ಡದ ಮೇಲೆ ಸ್ವೇಚ್ಛೆಯಾಗಿ ಅಲೆದರೂ ಪ್ರತಿಯೊಂದಕ್ಕೂ ಒಡೆಯನುಂಟು. ಶರತ್ಕಾಲದಲ್ಲಿ ಕುದುರೆಯೇರಿದ ಸವಾರರು ಹಿಂಡುಗಳನ್ನು ಬಳಸಿ ಅಟ್ಟಿಕೊಂಡು ದೊಡ್ಡಿಗೆ ತರುತ್ತಾರೆ. ಅಲ್ಲಿ ಮರಿಗಳ ಪರೀಕ್ಷೆಯಾಗುತ್ತದೆ, ಹುಳುವಿನ ಬಾಧೆಗೆ ಔಷಧವಾಗುತ್ತದೆ, ಮುದಿಯಾಗಿ ಹಲ್ಲು ಸವೆದವುಗಳನ್ನು ಬೇರ್ಪಡಿಸಲಾಗುತ್ತದೆ. ಹಲ್ಲಿಲ್ಲದ ತಟ್ಟಿಗೆ ಗುಡ್ಡದ ಚಳಿಗಾಲವೆಂದರೆ ಸಾವು. ಮತ್ತೆ ಮೇಲಕ್ಕೆ ಬಿಟ್ಟ ಬಳಿಕ ಉಳಿಯುವುದು ನೋಟದ ಕೆಲಸ. ಅದು ಸುಲಭವೂ ಅಲ್ಲ, ಏಕೆಂದರೆ ದಟ್ಟವಾದ ಕೂದಲು ಬಡಕಲು ಮೈಯನ್ನು ಮರೆಸುತ್ತದೆ. ಕೈಗೆ ಸಿಕ್ಕುವ ತಟ್ಟಾದರೆ ಅನುಭವಿಯು ಕೂದಲಿನೊಳಗೆ ಬೆರಳಿಳಿಸಿ ಪಕ್ಕೆಲುಬುಗಳನ್ನು ಮುಟ್ಟಿ ನೋಡುತ್ತಾನೆ. ಸಿಕ್ಕದುದಾದರೆ ಅದರ ನಡಿಗೆಯನ್ನೂ, ಹಿಂಡಿನೊಳಗೆ ಅದು ನಿಂತ ಸ್ಥಾನವನ್ನೂ ಗಮನಿಸುತ್ತಾನೆ. ಹಿಂಡನ್ನು ಬಿಟ್ಟು ಒಂಟಿಯಾಗಿ ನಿಂತ ತಟ್ಟನ್ನು ಕಂಡರೆ ಅವನಿಗೆ ಸಮಾಧಾನವಿರದು.

ಹಿಮದ ಕಾಲದಲ್ಲಿ ಈ ತಟ್ಟುಗಳಿಗೆ ಗಾರ್ಸ್ ಎಂಬ ಮುಳ್ಳಿನ ಪೊದೆಯು ದೊಡ್ಡ ಆಧಾರ. ಅದರ ಎಳೆಯ ತುದಿಗಳನ್ನು ಅವು ಮುಳ್ಳುಸಹಿತವಾಗಿ ತಿನ್ನುತ್ತವೆ. ಆದರೂ ಕೆಲವು ವರ್ಷಗಳಲ್ಲಿ ಪ್ರಕೃತಿಯು ಮಿತಿಮೀರುತ್ತದೆ. 1962ರ ಡಿಸೆಂಬರಿನ ಕೊನೆಯಲ್ಲಿ ಬಿದ್ದ ಹಿಮವು 1963ರ ಮಾರ್ಚಿಯವರೆಗೆ ಆ ಸೀಮೆಯ ಗುಡ್ಡಗಳನ್ನು ಬಿಡಲಿಲ್ಲ. ನೆರೆಯ ಡಾರ್ಟ್‌ಮೂರಿನ ಪಶುಗಳಿಗೆ ಹೆಲಿಕಾಪ್ಟರುಗಳಿಂದ ಮೇವನ್ನು ಉದುರಿಸಬೇಕಾಯಿತು. ಅಂತಹ ಸಮಯದಲ್ಲಿ ಒಣಹುಲ್ಲನ್ನು ಹೊತ್ತು ಹಿಂಡನ್ನು ಹುಡುಕಿ ಹೊರಡದವನನ್ನು ಒಡೆಯನೆಂದು ಕರೆಯಲಾಗದು. ಯಾವ ದಿನ ಸುಮ್ಮನಿರಬೇಕು, ಯಾವ ದಿನ ಹೊರಡಬೇಕು ಎಂಬ ವಿವೇಕವು ಪುಸ್ತಕದಿಂದ ಬರುವುದಲ್ಲ; ಅದು ತಂದೆಯಿಂದ ಮಗನಿಗೆ ಬರುತ್ತದೆ. ನೈಟನು ಹಣ ಕೊಟ್ಟು ಕೊಂಡ ನೆಲದೊಡನೆ ಅದು ಬರಲಿಲ್ಲ.

ಇಷ್ಟೊಂದು ಚಳಿಗಾಲಗಳನ್ನು ಗೆದ್ದ ಕುಲವು ಮನುಷ್ಯರ ಕಲಹದಿಂದ ಅಳಿಯುವ ಸ್ಥಿತಿಗೆ ಬಂದಿತು. 1921ರಲ್ಲಿ ಸ್ಥಳೀಯರು ಎಕ್ಸ್‌ಮೂರ್ ಪೋನಿ ಸೊಸೈಟಿಯನ್ನು ಕಟ್ಟಿ ವಂಶಾವಳಿಯನ್ನು ಕಾಪಾಡಲು ತೊಡಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಆ ಗುಡ್ಡಗಳು ಸೈನಿಕರ ತರಬೇತಿಯ ನೆಲವಾದುವು. ತಟ್ಟುಗಳು ಗುಂಡಿನ ಗುರಿಗಳಾದುವು. ಆಹಾರದ ಅಭಾವದ ಆ ದಿನಗಳಲ್ಲಿ ಕಳ್ಳರು ಅವನ್ನು ಮಾಂಸಕ್ಕಾಗಿ ಕದ್ದೊಯ್ದರು. ಯುದ್ಧ ಮುಗಿದಾಗ ಉಳಿದಿದ್ದವು ಸುಮಾರು 50 ಮಾತ್ರ. ಒಂಬತ್ತು ಶತಮಾನಗಳ ಹಿಂದೆ ಲೆಕ್ಕಕ್ಕೆ ಬಂದ ತಟ್ಟುಗಳ ನಾಡಿನಲ್ಲಿ, ಒಂದು ಹಳ್ಳಿಯ ದೊಡ್ಡಿ ತುಂಬುವಷ್ಟೂ ಇರಲಿಲ್ಲ! ಆಗ ಮೇರಿ ಎದರಿಂಗ್ಟನ್ ಎಂಬ ಮಹಿಳೆಯು ಮುಂದೆ ಬಂದು, ಸೋತು ಕುಳಿತಿದ್ದ ರೈತರಿಗೆ ಧೈರ್ಯ ತುಂಬಿ, ಅಳಿದುಳಿದುದನ್ನು ಕೂಡಿಸಿ ಮತ್ತೆ ಗುಡ್ಡಕ್ಕೆ ಬಿಡುವಂತೆ ಮಾಡಿದಳು. ನಾಡಿನ ಬೇರೆಡೆಗಳ ಬೆಚ್ಚನೆಯ ಹುಲ್ಲುಗಾವಲುಗಳಲ್ಲಿ ಅವನ್ನು ಸುಖವಾಗಿ ಬೆಳೆಸಬಹುದಾಗಿತ್ತು. ಆದರೆ ಗುಡ್ಡದ ಹಿಂಡುಗಳೇ ಇಲ್ಲವಾಗಿದ್ದರೆ, ಕೆಲವು ತಲೆಮಾರುಗಳಲ್ಲಿ ಹೆಸರು ಉಳಿದು ಎರಡು ಪದರದ ಆ ಕೂದಲಿನ ಗುಣ ಸಡಿಲವಾಗುತ್ತಿದ್ದಿತೆಂದು ನನ್ನ ಊಹೆ.

ಇಂದು ಈ ಕುಲವು ಅಪಾಯದಿಂದ ಪೂರ್ತಿ ಪಾರಾಗಿಲ್ಲದಿದ್ದರೂ ಹಲವೆಡೆ ಹರಡಿದೆ. 2015ರ ಜನವರಿಯಲ್ಲಿ ಎಕ್ಸ್‌ಮೂರಿನ ಕೆಲವು ಹೆಣ್ಣುತಟ್ಟುಗಳನ್ನು ಜೆಕ್ ದೇಶದ ಮಿಲೋವಿಟ್ಸೆ ಎಂಬಲ್ಲಿಗೆ ಒಯ್ದರು. ಆ ನೆಲವು ಮೊದಲು ಆಸ್ಟ್ರಿಯಾ-ಹಂಗೆರಿಯ ಸೇನೆಗೂ, ಬಳಿಕ ಜರ್ಮನರಿಗೂ, 1991ರವರೆಗೆ ಸೋವಿಯೆತ್ ಪಡೆಗಳಿಗೂ ಕವಾಯತಿನ ಬಯಲಾಗಿದ್ದಿತು. ಟ್ಯಾಂಕುಗಳು ಹೋದ ಮೇಲೆ ಅಲ್ಲಿ ಒರಟು ಹುಲ್ಲೂ ಪೊದೆಯೂ ಬೆಳೆದು ಹೂಗಿಡಗಳನ್ನು ಮುಚ್ಚುತ್ತಿದ್ದುದರಿಂದ, ಅದನ್ನು ಮೇಯಿಸಲು ಇವನ್ನು ಕರೆತಂದರು. ಅವು ಬಂದಿಳಿದುದು ಚಳಿಗಾಲದ ನಡುವೆ, ಚಳಿಗಾಲದ ಕೂದಲನ್ನು ಹೊದ್ದುಕೊಂಡೇ. ಅವುಗಳಿಗೆ ಲಾಯವಿಲ್ಲ, ಎಕ್ಸ್‌ಮೂರಿನಲ್ಲಿದ್ದಂತೆಯೇ ಅಲ್ಲಿಯೂ ವರ್ಷವಿಡೀ ಬಯಲಿನಲ್ಲಿ ನಿಲ್ಲುತ್ತವೆ.