ಇಲಿ ಬಿದ್ದ ಮನೆ

ಕನ್ನಡದಲ್ಲಿ ‘ಬೀಳು’ ಎಂಬ ಕ್ರಿಯಾಪದಕ್ಕೆ ಅರ್ಥಗಳು ಹಲವು. ಮಳೆ ಬೀಳುತ್ತದೆ, ಬೆಲೆ ಬೀಳುತ್ತದೆ, ರಾಜ್ಯವೂ ಬೀಳುತ್ತದೆ. ಆದರೆ ‘ಇಲಿ ಬಿತ್ತು’ ಎಂದರೆ ಇಂದಿನ ಹುಡುಗರಿಗೆ ಅಟ್ಟದಿಂದ ಜಾರಿತೆಂದಷ್ಟೇ ಅರ್ಥವಾದೀತು. ನನ್ನ ಅಜ್ಜಿ ಈ ಮಾತನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ಇಲಿ ಬಿತ್ತೆಂದರೆ ಪಾತ್ರೆ ಪರಡಿ ಕಟ್ಟಿಕೊಂಡು, ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕೆಂಬುದು ಅವರ ಕಾಲದವರ ತಿಳಿವಳಿಕೆ. ಈ ತಿಳಿವಳಿಕೆ ಸರಿಯೆಂದು ವಿದ್ವಾಂಸರು ಒಪ್ಪಬೇಕಾದರೆ ಹತ್ತು ವರ್ಷಗಳೂ ಲಕ್ಷಾಂತರ ಜೀವಗಳೂ ಕಳೆದುಹೋದುವು.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ್ದ ಪ್ಲೇಗು 1896ರಲ್ಲಿ ಮುಂಬಯಿಗೆ ಬಂದಿತು. ಅಲ್ಲಿಂದ ಉಗಿಬಂಡಿಯ ಹಾದಿಯನ್ನೇ ಹಿಡಿದು ಒಳನಾಡಿಗೆ ನುಗ್ಗಿತು. ಹುಬ್ಬಳ್ಳಿಯನ್ನು ತತ್ತರಗೊಳಿಸಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಾದ ಪೇಟೆಯಲ್ಲಿ ಧಾನ್ಯದ ಮಳಿಗೆಗಳೂ ವಾಸದ ಮನೆಗಳೂ ಗೋಡೆಗೆ ಗೋಡೆ ಅಂಟಿಕೊಂಡಿದ್ದುವು. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ರಾಜ್ಯ ಬೇಕೆ? ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳತ್ತ ಹೊರಟುದಕ್ಕೆ ಈ ಭಯವೂ ಒಂದು ಮುಖ್ಯ ಕಾರಣ. ನಗರದ ಹಳೆಯ ಬಡಾವಣೆಗಳಲ್ಲಿರುವ ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದ ನೆನಪನ್ನು ಇನ್ನೂ ಉಳಿಸಿಕೊಂಡಿವೆ.

ರೋಗದ ಸೂಕ್ಷ್ಮಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದನು. ಸತ್ತ ಇಲಿಗಳಲ್ಲಿಯೂ ಅದೇ ಸೂಕ್ಷ್ಮಾಣುವನ್ನು ಕಂಡಿದ್ದನು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಯಾವುದೆಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಸರಕಾರ ಮಾಡಿದುದೇನು? 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನುಷ್ಯರನ್ನು ಹಿಡಿಯಿತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆ ಹೊಕ್ಕು ಶೋಧಿಸಿದರು, ರೋಗಿಗಳನ್ನು ಆಸ್ಪತ್ರೆಗೂ, ಮನೆಯವರನ್ನು ಶಿಬಿರಗಳಿಗೂ ಸಾಗಿಸಿದರು, ಬಟ್ಟೆಬರೆ ಸುಟ್ಟರು. ಜನ ರೊಚ್ಚಿಗೆದ್ದರು. ಆ ವರ್ಷದ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದುದು ಇತಿಹಾಸಪ್ರಸಿದ್ಧವಾಗಿದೆ. ಇಷ್ಟೆಲ್ಲ ನಡೆಯುತ್ತಿದ್ದಾಗ ಇಲಿಗಳನ್ನು ತಡೆದು ನಿಲ್ಲಿಸಿದವರಾರು? ನೆಲ ಅಗೆದು ಮನೆ ತೊಳೆದಾಗ ಅವು ಪಕ್ಕದ ಮನೆಗೆ ಓಡಿರಬೇಕು, ಅಷ್ಟೆ.

ದಾರಿಯನ್ನು ಕಂಡವನು ಪಾಲ್-ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ. ಕೆಲವು ರೋಗಿಗಳ ಮೈಮೇಲೆ ಸಣ್ಣ ಬೊಬ್ಬೆಯೊಂದಿರುವುದನ್ನೂ, ಅದರೊಳಗೆ ಪ್ಲೇಗಿನ ಸೂಕ್ಷ್ಮಾಣುಗಳಿರುವುದನ್ನೂ ಅವನು ಗಮನಿಸಿದನು. ಇದು ಚಿಗಟ ಕಚ್ಚಿದ ಗುರುತಲ್ಲವೆ ಎಂದು ಅವನಿಗೆ ಅನುಮಾನ ಬಂದಿತು. 1898ರ ಜೂನ್‌ನಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕರಾಚಿಯಲ್ಲಿ, ರೋಗದ ಇಲಿಯೊಂದನ್ನು ಗಾಜಿನ ಜಾಡಿಯಲ್ಲಿಟ್ಟು ಅದರ ಮೇಲೆ ಚಿಗಟಗಳನ್ನು ಬಿಟ್ಟನು. ಅದು ಸಾಯುತ್ತಿದ್ದಾಗ ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು, ಮೊದಲನೆಯದಕ್ಕೆ ಮೈ ತಾಗದಂತೆ, ತಂತಿ ಬಲೆಯ ಪಂಜರದಲ್ಲಿ ಅದೇ ಜಾಡಿಯೊಳಗೆ ತೂಗುಬಿಟ್ಟನು. ಕೆಲವೇ ದಿನಗಳಲ್ಲಿ ಅದೂ ಪ್ಲೇಗಿನಿಂದ ಸತ್ತಿತು. ಚಿಗಟಗಳಿಲ್ಲದ ಇಲಿಯ ಜೊತೆಗಿಟ್ಟ ಇಲಿಗಳಿಗೆ ಏನೂ ಆಗಲಿಲ್ಲ.

ಇದರ ಒಳಗುಟ್ಟನ್ನು ಇಂದು ನಾವು ಬಲ್ಲೆವು. ರೋಗ ಮುಂದುವರಿದ ಇಲಿಯ ರಕ್ತದಲ್ಲಿ ಸೂಕ್ಷ್ಮಾಣುಗಳು ತುಂಬಿರುತ್ತವೆ. ಆ ರಕ್ತ ಹೀರಿದ ಚಿಗಟದ ಅನ್ನನಾಳದ ಬಾಯಲ್ಲಿ ಅವು ಬೆಳೆದು ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಹೀರಿದುದು ಹೊಟ್ಟೆಗಿಳಿಯದೆ ಹಸಿವಿನಿಂದ ಕಂಗೆಟ್ಟ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಸೂಕ್ಷ್ಮಾಣುಗಳನ್ನು ಗಾಯದೊಳಕ್ಕೆ ಕಕ್ಕುತ್ತದೆ. ಬೇಕಟ್ ಮತ್ತು ಮಾರ್ಟಿನ್ ಎಂಬವರು 1914ರಲ್ಲಿ ಇದನ್ನು ವಿವರಿಸಿದರು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಬಿಸಿ ಮೈ ಹುಡುಕಿ ಹೊರಡುತ್ತವೆ. ಮನೆಯ ಇಲಿಗಳೆಲ್ಲ ಸತ್ತ ಮೇಲೆ ಉಳಿಯುವ ಬಿಸಿ ಮೈ ಮನುಷ್ಯನದು. ಹೀಗೆ ಮನೆಯ ಮೊದಲ ರೋಗಿ ಇಲಿ. ಅದು ಬಿದ್ದದ್ದಕ್ಕೂ ಮನೆಯವರ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗೆಡ್ಡೆ ಏಳುವುದಕ್ಕೂ ನಡುವೆ ದೊರೆಯುತ್ತಿದ್ದ ಕೆಲವು ದಿನಗಳೇ ಜೀವ ಉಳಿಸಿಕೊಳ್ಳುವ ಅವಕಾಶ.

ಸಿಮೋನನ ಮಾತನ್ನು ಆಗ ಹೆಚ್ಚಿನವರು ನಂಬಲಿಲ್ಲ. ಸರಕಾರ ನೇಮಿಸಿದ್ದ ಪ್ಲೇಗ್ ಆಯೋಗವೂ ಅದನ್ನು ತಳ್ಳಿಹಾಕಿತು. 1905ರಿಂದ ಮುಂಬಯಿಯಲ್ಲಿ ಹೊಸ ಸಂಶೋಧಕರು ಪ್ಲೇಗಿನ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಇಟ್ಟು ನೋಡಿದರು. ಸುತ್ತ ಅಂಟು ಕಾಗದ ಹಾಸಿ ಚಿಗಟ ಸೋಕದಂತೆ ಕಾಪಾಡಿದುವು ಬದುಕಿದುವು. ಕಾಪಿಲ್ಲದವುಗಳಲ್ಲಿ ಹಲವು ಸತ್ತುವು. ಸಂಶಯಕ್ಕೆ ಆಗ ಎಡೆಯುಳಿಯಲಿಲ್ಲ. ಆದರೆ ಹಿಮಾಲಯದ ಗಢವಾಲ, ಕುಮಾವೂಂ ಹಳ್ಳಿಗರು ಇಲಿ ಸತ್ತರೆ ಊರು ಬಿಡುತ್ತಾರೆಂಬುದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಅಧಿಕಾರಿಗಳ ವರದಿಗಳಲ್ಲಿ ದಾಖಲಾಗಿತ್ತು. ಅವರಿಗೆ ಚಿಗಟದ ವಿಷಯ ತಿಳಿದಿರಲಿಲ್ಲ, ನಿಜ. ಆದರೆ ಆಗಬೇಕಾದ ಕೆಲಸ ಯಾವುದೆಂಬುದು ತಿಳಿದಿತ್ತು. ಓದಿದವರು ಅವರನ್ನು ಕೇಳಬಹುದಾಗಿತ್ತು.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ತರಗತಿಯಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು: ಇಲಿಗಳು ಕಣ್ಣೆದುರೇ ಸಾಯುತ್ತಿದ್ದರೂ ಅಗ್ರಹಾರದವರಿಗೆ ಏಕೆ ಹೊಳೆಯಲಿಲ್ಲ ಎಂದು. ಶವಸಂಸ್ಕಾರದ ವಾದದಲ್ಲಿ ಮುಳುಗಿದವರಿಗೆ ಇಲಿ ಕಾಣುವುದು ಕಷ್ಟ. ಕಾನೂನಿನ ವಾದದಲ್ಲಿ ಮುಳುಗಿದ್ದ ದೊರೆಗಳ ಗತಿಯೂ ಬೇರೆಯಾಗಿರಲಿಲ್ಲ.

1896ರಿಂದ ಎರಡು ದಶಕಗಳಲ್ಲಿ ಭಾರತದಲ್ಲಿ ಸುಮಾರು 1 ಕೋಟಿ ಜನ ಪ್ಲೇಗಿಗೆ ತುತ್ತಾದರು. ಆ ಮೇಲೆ ರೋಗ ಇಳಿಯುತ್ತ ಬಂದಿತು. ಕೀಟನಾಶಕಗಳೂ ಹೊಸ ಔಷಧಗಳೂ ನೆರವಾದುವು. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಕಾಣಿಸಿಕೊಂಡ ಬಳಿಕ ಬಹುಕಾಲ ಸುದ್ದಿಯಿರಲಿಲ್ಲ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗೆಂಬ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ಊರು ಬಿಟ್ಟರು. 2004ರಲ್ಲಿ ಉತ್ತರಕಾಶಿಯ ಹಳ್ಳಿಯೊಂದರಲ್ಲಿ ಮತ್ತೆ ಕಾಣಿಸಿತು. ಊರು ಮರೆತ ಮಾತ್ರಕ್ಕೆ ಕಾಡು ಮರೆಯುವುದಿಲ್ಲ. ಹೊಲದ ಬದುಗಳಲ್ಲಿ ಬಿಲ ತೋಡಿ ಬಾಳುವ ಕಾಡಿಲಿಗಳಲ್ಲಿ ಕೆಲವು ಈ ಸೂಕ್ಷ್ಮಾಣುವನ್ನು ತಾಳಿಕೊಂಡು ಬದುಕಬಲ್ಲುವು. ಅವುಗಳ ಚಿಗಟ ಮನೆಯಿಲಿಯನ್ನು ಸೇರಿದರೆ ಹಳೆಯ ಕತೆ ಮತ್ತೆ ಮೊದಲಾಗಬಹುದು.

ಇಂದು ಒಳ್ಳೆಯ ಔಷಧಗಳಿವೆ. ಸಕಾಲದಲ್ಲಿ ಕೊಟ್ಟರೆ ರೋಗಿ ಉಳಿಯುತ್ತಾನೆ. ಆದರೆ ಸಕಾಲವನ್ನು ಅರಿಯಬೇಕಾದರೆ ಇಲಿಗಳು ಗುಂಪಾಗಿ ಸತ್ತುದನ್ನು ಯಾರಾದರೂ ನೋಡಬೇಕು, ನೋಡಿದವರು ಹೇಳಬೇಕು, ಹೇಳಿದುದನ್ನು ಅಧಿಕಾರದಲ್ಲಿರುವವರು ಕೇಳಬೇಕು. ಕಸದ ರಾಶಿಯ ಪಕ್ಕದಲ್ಲಿ ಸತ್ತ ಇಲಿಗಳನ್ನು ಮೊದಲು ಕಾಣುವವರು ಪೌರಕಾರ್ಮಿಕರು. ಅವರ ಮಾತಿಗೆ ಕಿವಿಗೊಡುವುದು ನಗರಕ್ಕೆ ಕ್ಷೇಮ.